ಇ-ರೀಡರ್ ಬಂದ ಮೇಲೆ ಪುಸ್ತಕದ ಕಪಾಟು ಬೇಕೇ?

ಪವಿತ್ರ ಕುರ್‌ಆನ್‌ನ ಅವತೀರ್ಣ ಆರಂಭವಾದದ್ದೇ ಓದುವ ಆಜ್ಞೆಯೊಂದಿಗೆ. ಆದ್ದರಿಂದ ಓದು ಎಂಬುದು ಒಬ್ಬ ಮುಸ್ಲಿಮನಿಗಾಗಲಿ ಮುಸ್ಲಿಮಳಿಗಾಗಲಿ ಕೇವಲ ಬಿಡುವಿನ ಹವ್ಯಾಸವಲ್ಲ. ಆದರೆ ಯಾವುದರ ಮೇಲೆ ಬರೆದದ್ದನ್ನು ಓದಬೇಕು ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. ಪ್ರವಾದಿ(ಸ)ರ ಕಾಲದಲ್ಲಿ ಕುರ್‌ಆನ್ ಸೂಕ್ತಗಳನ್ನು ಖರ್ಜೂರದ ಗರಿಯ ದಿಂಡು, ಚರ್ಮದ ತುಂಡು, ಚಪ್ಪಟೆ ಕಲ್ಲು ಮತ್ತು ಪ್ರಾಣಿಗಳ ಭುಜದ ಮೂಳೆಗಳ ಮೇಲೆ ಬರೆದಿಡಲಾಗುತ್ತಿತ್ತು. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕ ಸಹಾಬಿಗಳು ಹುತಾತ್ಮರಾದಾಗ, ಹಝ್ರತ್ ಅಬೂಬಕರ್(ರ)ರ ಆದೇಶದಂತೆ ಝೈದ್ ಬಿನ್ ಸಾಬಿತ್(ರ)ರು ಅವುಗಳನ್ನೆಲ್ಲ ಒಂದೆಡೆ ಸಂಗ್ರಹಿಸಿದರು. ಆ ಪ್ರತಿಯು ಅಬೂಬಕರ್(ರ)ರ ಬಳಿಕ ಉಮರ್(ರ)ರ ಕೈಗೆ, ಅವರ ನಂತರ ಅವರ ಪುತ್ರಿಯೂ ಪ್ರವಾದಿ(ಸ)ರ ಪತ್ನಿಯೂ ಆದ ಹಫ್ಸಾ(ರ)ರ ಬಳಿಗೆ ಬಂತು. ಮುಂದೆ ಉಸ್ಮಾನ್(ರ)ರು ಅದರ ಪ್ರತಿಗಳನ್ನು ಬರೆಸಿ ವಿವಿಧ ನಾಡುಗಳಿಗೆ ಕಳುಹಿಸುವಾಗ, ಹಫ್ಸಾ(ರ)ರಿಂದಲೇ ಅದನ್ನು ತರಿಸಿಕೊಂಡು ಕೆಲಸ ಮುಗಿದ ಮೇಲೆ ಮರಳಿಸಿದರು. ಅಂದರೆ ನಮ್ಮ ಸಮುದಾಯದ ಮೊದಲ ಗ್ರಂಥಕ್ಕೆ ಕಾವಲಿದ್ದುದು ಒಬ್ಬ ಮಹಿಳೆಯ ಮನೆ.

ನಂತರ ಕಾಗದ ಬಂತು. 8ನೇ ಶತಮಾನದ ಕೊನೆಯ ಹೊತ್ತಿಗೆ ಬಗ್ದಾದ್‌ನಲ್ಲಿ ಕಾಗದ ತಯಾರಾಗತೊಡಗಿತು. ಅಲ್ಲಿ ಪುಸ್ತಕ ನಕಲು ಮಾಡಿ ಮಾರುವವರದ್ದೇ ಒಂದು ಬಜಾರು ಬೆಳೆಯಿತು. ಶತಮಾನಗಳ ನಂತರ ಅಚ್ಚಿನ ಯಂತ್ರ ಬಂತು. ಈಗ ಕಾಗದವೂ ಇಲ್ಲದ, ಶಾಯಿಯೂ ಇಲ್ಲದ ಪುಸ್ತಕ ನಮ್ಮ ಕೈಯಲ್ಲಿದೆ. ಇದನ್ನು ಹೊಸತೆಂಬ ಕಾರಣಕ್ಕೆ ತಿರಸ್ಕರಿಸುವುದೂ ಸರಿಯಲ್ಲ, ಹೊಸತೆಂಬ ಕಾರಣಕ್ಕೇ ಮನೆಯ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕುವುದೂ ಸರಿಯಲ್ಲ. ಎರಡನ್ನೂ ತೂಗಿ ನೋಡೋಣ.

ಇ-ರೀಡರ್ ಬೇರೆ, ಮೊಬೈಲ್ ಬೇರೆ

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳಬೇಕು. ಮೊಬೈಲ್‌ನಲ್ಲಿ ಪಿಡಿಎಫ್ ತೆರೆದು ಓದುವುದನ್ನೂ ಹಲವರು ಇ-ರೀಡರ್ ಎಂದೇ ಕರೆಯುತ್ತಾರೆ. ಆದರೆ ಕಿಂಡಲ್‌ನಂತಹ ಇ-ರೀಡರ್‌ನ ರಚನೆಯೇ ಬೇರೆ. ಅದರ ಪರದೆಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಪ್ಪು ಬಿಳುಪು ಕಣಗಳಿರುತ್ತವೆ. ವಿದ್ಯುತ್ತಿನ ಪ್ರಭಾವದಿಂದ ಆ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರಗಳಾಗುತ್ತವೆ. ಮೊಬೈಲ್‌ನಂತೆ ಅದು ಬೆಳಕನ್ನು ಕಣ್ಣಿಗೆ ಚೆಲ್ಲುವುದಿಲ್ಲ. ಕಾಗದದಂತೆ ಹೊರಗಿನ ಬೆಳಕಿನಲ್ಲೇ ಅದನ್ನು ಓದಬಹುದು. ಪುಟ ತಿರುಗಿಸುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕಾಗುವುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಜಪಾನಿನಲ್ಲಿ ಸೋನಿ ಕಂಪೆನಿ 2004ರಲ್ಲಿ ಇಂತಹ ಸಾಧನವನ್ನು ಹೊರತಂದಿತು. 2007ರಲ್ಲಿ ಅಮೆರಿಕದಲ್ಲಿ ಅಮೆಜಾನ್‌ನ ಕಿಂಡಲ್ ಬಂದ ಮೇಲೆ ಇದು ಜನಪ್ರಿಯವಾಯಿತು.

ಇದರ ಉಪಕಾರಗಳು

ಇ-ರೀಡರ್‌ನ ಬಹುದೊಡ್ಡ ಉಪಕಾರ ಅಕ್ಷರದ ಗಾತ್ರ. ನಲ್ವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಾಮಾನ್ಯ. ಕಣ್ಣು ಕಾಣುವುದಿಲ್ಲವೆಂಬ ಒಂದೇ ಕಾರಣಕ್ಕೆ ಓದನ್ನೇ ಬಿಟ್ಟುಬಿಟ್ಟ ಎಷ್ಟೋ ಅಜ್ಜಿಯರು, ಉಮ್ಮಂದಿರು ನಮ್ಮ ಮನೆಗಳಲ್ಲಿದ್ದಾರೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಸೌಲಭ್ಯ ಅವರ ಪಾಲಿಗೆ ಒಂದು ವರದಾನವೇ ಸರಿ.

ಎರಡನೆಯದು, ದೂರವನ್ನು ಅಳಿಸುವ ಶಕ್ತಿ. ಪತಿಯ ಜೊತೆ ಗಲ್ಫ್‌ನಲ್ಲಿ ನೆಲೆಸಿರುವ ಸಹೋದರಿಗೆ ಅಲ್ಲಿ ಕನ್ನಡ ಪುಸ್ತಕದಂಗಡಿ ಎಲ್ಲಿ ಸಿಗಬೇಕು? ಊರಿನಿಂದ ಹೊರಡುವಾಗ ಲಗೇಜಿನ ತೂಕದಲ್ಲಿ ಮೊದಲು ಹೊರಗುಳಿಯುವುದೇ ಪುಸ್ತಕ. ಇ-ಪುಸ್ತಕಕ್ಕೆ ತೂಕವಿಲ್ಲ, ಅಂಚೆಯ ಖರ್ಚಿಲ್ಲ. ಗ್ರಂಥಾಲಯ ದೂರವಿರುವ, ಹೊರಗೆ ಹೋಗಿ ಬರಲು ಅನುಕೂಲವಿಲ್ಲದ ಮಹಿಳೆಯರಿಗೂ ಇದು ದೊಡ್ಡ ಬಾಗಿಲು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು.

ಮೂರನೆಯದು ಹುಡುಕಾಟ. ಹದೀಸ್ ಗ್ರಂಥಗಳ ಹತ್ತಾರು ಸಂಪುಟಗಳಲ್ಲಿ ಒಂದು ವಚನವನ್ನು ಹುಡುಕಲು ಹಿಂದೆ ದಿನವೇ ಹಿಡಿಯುತ್ತಿತ್ತು. ಇಂದು ಒಂದು ಪದ ಟೈಪ್ ಮಾಡಿದರೆ ಸಾಕು. ಪದದ ಮೇಲೆ ಬೆರಳಿಟ್ಟರೆ ನಿಘಂಟಿನ ಅರ್ಥ ಸಿಗುವ ಅನುಕೂಲವೂ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಪ್ರಯೋಜನಕಾರಿ.

ಕನ್ನಡ ಓದುಗರಿಗೆ ತೊಡಕು

ಆದರೆ ಈ ಉಪಕಾರಗಳಲ್ಲಿ ಕನ್ನಡಕ್ಕೆ ದೊರೆತ ಪಾಲು ಕಡಿಮೆ. 2016ರ ಕೊನೆಯಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ವಿಭಾಗ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳಿದ್ದವು, ಕನ್ನಡವಿರಲಿಲ್ಲ. ಕನ್ನಡಿಗರೇ ಮುಂದಾಗಿ ಮೈಲ್ಯಾಂಗ್‌ನಂತಹ ವೇದಿಕೆಗಳನ್ನು ಕಟ್ಟಿದರು. ಅವುಗಳನ್ನು ಹೆಚ್ಚಾಗಿ ಓದುವುದು ಮೊಬೈಲ್‌ನಲ್ಲಿ. ಇನ್ನು ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪಿಡಿಎಫ್‌ಗಳನ್ನು ಆರು ಇಂಚಿನ ಪರದೆಯಲ್ಲಿ ಓದಲು ಹೊರಟರೆ ಅಕ್ಷರ ಇರುವೆಯಷ್ಟಾಗುತ್ತದೆ. ಅವು ಪುಟದ ಚಿತ್ರಗಳಾದ್ದರಿಂದ ಅಕ್ಷರ ಮಾತ್ರ ದೊಡ್ಡದಾಗುವುದಿಲ್ಲ. ಪುಟವನ್ನೇ ಹಿಗ್ಗಿಸಿ ಅತ್ತಿತ್ತ ಸರಿಸುತ್ತಾ ಓದಬೇಕು. ಹತ್ತು ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟು ಸಾಧನ ಖರೀದಿಸುವ ಮೊದಲು, ನೀವು ಓದಬಯಸುವ ಭಾಷೆಯ ಪುಸ್ತಕಗಳು ಅದರಲ್ಲಿ ಸರಿಯಾಗಿ ಮೂಡುತ್ತವೆಯೇ ಎಂದು ಪರಿಚಿತರ ಸಾಧನದಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ನೆನಪಿನಲ್ಲಿ ಉಳಿಯುವುದು ಯಾವುದು?

ಕಾಗದದ ಮೇಲೆ ಓದಿದ್ದು ಹೆಚ್ಚು ತಿಳಿಯುತ್ತದೆಯೇ, ಪರದೆಯ ಮೇಲೆ ಓದಿದ್ದೇ? 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಈ ಕುರಿತ 54 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತು. ಅವುಗಳಲ್ಲಿ ಭಾಗವಹಿಸಿದವರ ಸಂಖ್ಯೆ 1,70,000ಕ್ಕೂ ಹೆಚ್ಚು. ಮಾಹಿತಿಯನ್ನು ಗ್ರಹಿಸಬೇಕಾದ ಓದಿನಲ್ಲಿ ಮತ್ತು ನಿಗದಿತ ಸಮಯದೊಳಗೆ ಮುಗಿಸಬೇಕಾದ ಓದಿನಲ್ಲಿ ಕಾಗದವೇ ಮುಂದಿತ್ತು. ಕಥೆಯಂತಹ ಬರಹಗಳ ಓದಿನಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಂಡುಬರಲಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 50 ಮಂದಿಗೆ ಒಂದೇ ಕಥೆಯನ್ನು ಕೊಡಲಾಯಿತು. ಅರ್ಧ ಮಂದಿ ಪುಸ್ತಕದಲ್ಲಿ, ಉಳಿದವರು ಕಿಂಡಲ್‌ನಲ್ಲಿ ಓದಿದರು. ಕಥೆಯನ್ನು ಬಹುಮಟ್ಟಿಗೆ ಇಬ್ಬರೂ ಸಮಾನವಾಗಿಯೇ ಅರ್ಥಮಾಡಿಕೊಂಡಿದ್ದರು. ಆದರೆ ಯಾವ ಘಟನೆ ಮೊದಲು, ಯಾವುದು ನಂತರ ಎಂಬ ಕ್ರಮವನ್ನು ಪುಸ್ತಕ ಓದಿದವರೇ ಚೆನ್ನಾಗಿ ಹೇಳಿದರು.

ಮದ್ರಸಗಳಲ್ಲಿ ಕಲಿಸುವವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹಿಫ್ಝ್ ಮಾಡುವ ಮಗು ಶಬ್ದಗಳನ್ನು ಮಾತ್ರ ಕಂಠಪಾಠ ಮಾಡುವುದಿಲ್ಲ, ಪುಟವನ್ನೂ ಮಾಡುತ್ತದೆ. ಈ ಸೂಕ್ತ ಬಲಬದಿಯ ಪುಟದಲ್ಲಿದೆ, ಮೇಲಿನಿಂದ ಮೂರನೇ ಸಾಲಿನಲ್ಲಿದೆ ಎಂಬುದು ಅದರ ಕಣ್ಣಲ್ಲಿ ಅಚ್ಚಾಗಿರುತ್ತದೆ. ಮದೀನಾದಲ್ಲಿ ಮುದ್ರಣವಾಗುವ ಪ್ರಸಿದ್ಧ ಮುಸ್‌ಹಫ್‌ನಲ್ಲಿ 604 ಪುಟಗಳಿವೆ. ಪ್ರತಿ ಪುಟಕ್ಕೆ 15 ಸಾಲು, ಪುಟದ ಕೊನೆಗೆ ಸೂಕ್ತವೂ ಮುಗಿಯುತ್ತದೆ. ಮಗು ಹಿಫ್ಝ್ ಮುಗಿಸುವವರೆಗೂ ಮುಸ್‌ಹಫ್‌ನ ಮುದ್ರಣವನ್ನು ಬದಲಾಯಿಸಬೇಡಿ ಎಂದು ಉಸ್ತಾದರು ಪೋಷಕರಿಗೆ ಹೇಳುವುದು ಈ ಕಾರಣಕ್ಕಾಗಿಯೇ. ಅಕ್ಷರದ ಗಾತ್ರ ಬದಲಾಯಿಸಿದಂತೆ ಸಾಲುಗಳು ಸ್ಥಳ ಬದಲಿಸುವ ಪರದೆಯಲ್ಲಿ ಈ ಪುಟದ ಗುರುತೇ ಅಳಿದುಹೋಗುತ್ತದೆ. ಮುದ್ರಿತ ಪುಟವನ್ನೇ ಯಥಾವತ್ತಾಗಿ ತೋರಿಸುವ ಆ್ಯಪ್‌ಗಳಿವೆ ನಿಜ. ಪ್ರಯಾಣದಲ್ಲಿ ಪಾಠ ಪುನರಾವರ್ತಿಸಲು ಅವು ಉಪಯುಕ್ತ. ಆದರೆ ಹೊಸ ಪಾಠಕ್ಕೆ ಕಾಗದದ ಮುಸ್‌ಹಫ್‌ಗೆ ಸಾಟಿಯಿಲ್ಲ.

ನಿದ್ದೆಯ ವಿಷಯವನ್ನೂ ಇಲ್ಲಿ ಹೇಳಬೇಕು. 2014ರಲ್ಲಿ ಅಮೆರಿಕದ ಸಂಶೋಧಕರು 12 ಮಂದಿಯನ್ನು ಪರೀಕ್ಷಿಸಿದಾಗ, ಮಲಗುವ ಮುನ್ನ ಬೆಳಕು ಚೆಲ್ಲುವ ಟ್ಯಾಬ್ಲೆಟ್‌ನಲ್ಲಿ ಓದಿದಾಗ ಪುಸ್ತಕ ಓದಿದಾಗಿಗಿಂತ ನಿದ್ದೆ ತಡವಾಗಿ ಬಂತು. ಚಿಕ್ಕ ಅಧ್ಯಯನವಾದರೂ ಫಜ್ರ್‌ಗೆ ಏಳಬೇಕಾದ ಮನೆಗಳು ಗಮನಿಸಬೇಕಾದದ್ದು. ರಾತ್ರಿಯ ಓದಿಗೆ ಪುಸ್ತಕ, ಇಲ್ಲವೇ ಬೆಳಕು ಆರಿಸಿದ ಇ-ರೀಡರ್ ಉತ್ತಮ.

ಕೊಂಡದ್ದು ನಮ್ಮದೇ?

ಪುಸ್ತಕ ಕೊಂಡರೆ ಅದು ನಮ್ಮ ಸೊತ್ತು. ನೆರೆಮನೆಯವರಿಗೆ ಎರವಲು ಕೊಡಬಹುದು, ಮಗಳ ಮನೆಗೆ ಕಳುಹಿಸಬಹುದು, ಮಸೀದಿಯ ಗ್ರಂಥಾಲಯಕ್ಕೆ ವಕ್ಫ್ ಮಾಡಬಹುದು. ಆದರೆ ಅಮೆಜಾನ್‌ನಂತಹ ಕಂಪೆನಿಗಳ ಇ-ಪುಸ್ತಕಗಳಲ್ಲಿ ನಾವು ಹಣ ಕೊಟ್ಟು ಪಡೆಯುವುದು ಓದುವ ಪರವಾನಗಿಯನ್ನು ಮಾತ್ರ. ಮಾರುವ, ದಾನ ಮಾಡುವ ಹಕ್ಕು ನಮಗಿಲ್ಲ. 2009ರಲ್ಲಿ ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ಮಾರಾಟ ಮಾಡಿದವರಿಗೆ ಅದರ ಹಕ್ಕಿರಲಿಲ್ಲ ಎಂದು ತಿಳಿದಾಗ, ಅಮೆಜಾನ್ ಅವುಗಳನ್ನು ಗ್ರಾಹಕರ ಕಿಂಡಲ್‌ಗಳಿಂದಲೇ ದೂರದಿಂದ ಅಳಿಸಿಹಾಕಿತು. ಹಣವನ್ನೇನೋ ಹಿಂದಿರುಗಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗಲೂ ಜನರು ಕೊಂಡಿದ್ದ ಪುಸ್ತಕಗಳು ಇಲ್ಲವಾದವು, ಹಣ ಮಾತ್ರ ಮರಳಿತು. ಪುಸ್ತಕದಂಗಡಿಯವನು ನಮ್ಮ ಕಪಾಟಿಗೆ ಕೈಹಾಕಿ ಪುಸ್ತಕ ಒಯ್ದು ಹಣ ಇಟ್ಟುಹೋದರೆ ನಾವು ಸುಮ್ಮನಿರುವೆವೇ?

ಮನುಷ್ಯನ ಮರಣದೊಂದಿಗೆ ಅವನ ಕರ್ಮಗಳು ಕೊನೆಗೊಂಡರೂ ಸದಕಾ ಜಾರಿಯಾ, ಪ್ರಯೋಜನಕಾರಿ ಜ್ಞಾನ ಮತ್ತು ಪ್ರಾರ್ಥಿಸುವ ಸಜ್ಜನ ಸಂತಾನದ ಪುಣ್ಯ ಮುಂದುವರಿಯುತ್ತದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಇಬ್ನು ಮಾಜದ ಒಂದು ವರದಿಯು ವಾರಸುದಾರರಿಗೆ ಬಿಟ್ಟುಹೋದ ಮುಸ್‌ಹಫ್ ಅನ್ನೂ ಇಂತಹ ಪುಣ್ಯಗಳ ಸಾಲಿನಲ್ಲಿ ಎಣಿಸಿದೆ. ಅಂಚು ಸವೆದ ಒಂದು ಮುಸ್‌ಹಫ್, ಮೊದಲ ಪುಟದಲ್ಲಿ ಉಮ್ಮ ಬರೆದಿಟ್ಟ ಹೆಸರು, ಮಕ್ಕಳ ಜನ್ಮದಿನಾಂಕ, ಇವೆಲ್ಲ ಮುಂದಿನ ಪೀಳಿಗೆಗೆ ಸಿಗುವುದು ಕಾಗದದಲ್ಲಿ. ಪಾಸ್‌ವರ್ಡ್‌ನ ಹಿಂದಿರುವ ಗ್ರಂಥಾಲಯವು ಅದರ ಒಡೆಯನ ಜೊತೆಗೇ ಮುಚ್ಚಿಹೋಗುತ್ತದೆ.

ಮಕ್ಕಳು ಏನನ್ನು ನೋಡುತ್ತಾರೆ?

ಮಹಿಳೆಯರು ಹೆಚ್ಚು ಆಲೋಚಿಸಬೇಕಾದ ವಿಷಯ ಇದು. ತಾಯಿಯೊಬ್ಬಳು ಮೊಬೈಲ್‌ನಲ್ಲಿ ತಫ್ಸೀರ್ ಓದುತ್ತಿರಬಹುದು. ಆದರೆ ಎದುರಿಗಿರುವ ಮಗುವಿಗೆ ಕಾಣುವುದು ಮೊಬೈಲ್ ನೋಡುತ್ತಿರುವ ಉಮ್ಮ. ಅದು ರೀಲ್ಸೋ ತಫ್ಸೀರೋ ಅದಕ್ಕೆ ತಿಳಿಯದು. ತನಗೂ ಮೊಬೈಲ್ ಬೇಕೆಂದು ಹಟ ಹಿಡಿಯಲು ಅದಕ್ಕೆ ಅಷ್ಟೇ ಸಾಕು. ಅದೇ ತಾಯಿಯ ಕೈಯಲ್ಲಿ ಪುಸ್ತಕವಿದ್ದರೆ ಅವಳು ಓದುತ್ತಿದ್ದಾಳೆಂಬುದು ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಬಾಯಿಯಿಂದ ಹೇಳಿಕೊಡುವುದಕ್ಕಿಂತ ಹೆಚ್ಚನ್ನು ಮಕ್ಕಳು ನೋಡಿ ಕಲಿಯುತ್ತಾರೆ.

ಮೇಲಾಗಿ ಮೊಬೈಲ್‌ನಲ್ಲಿ ಓದಲು ಕುಳಿತವರನ್ನು ಮೊಬೈಲೇ ಓದಲು ಬಿಡುವುದಿಲ್ಲ. ಅಡುಗೆ, ಮಕ್ಕಳ ಶಾಲೆ, ಅತಿಥಿಗಳ ನಡುವೆ ಒಬ್ಬ ಗೃಹಿಣಿಗೆ ಸಿಗುವ ಬಿಡುವು ಅರ್ಧ ಗಂಟೆ. ಅದರಲ್ಲಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿನ ನಾಲ್ಕು ಸಂದೇಶ ಬಂದರೆ ಓದು ಮುಗಿದಂತೆಯೇ. ಈ ದೃಷ್ಟಿಯಿಂದ ಕೇವಲ ಓದಿಗಾಗಿಯೇ ಇರುವ ಇ-ರೀಡರ್ ಮೊಬೈಲ್‌ಗಿಂತ ಎಷ್ಟೋ ಮೇಲು.

ವುಝೂವಿನ ಪ್ರಶ್ನೆ

ಪರದೆಯ ಮೇಲಿನ ಕುರ್‌ಆನ್ ಸ್ಪರ್ಶಿಸಲು ವುಝೂ ಬೇಕೇ ಎಂದು ಸಹೋದರಿಯರು ಆಗಾಗ ಕೇಳುತ್ತಾರೆ. ಮೊಬೈಲ್ ಅಥವಾ ಇ-ರೀಡರ್ ಮುಸ್‌ಹಫ್ ಅಲ್ಲ, ಆದ್ದರಿಂದ ಮುಸ್‌ಹಫ್‌ನ ನಿಯಮ ಅದಕ್ಕೆ ಅನ್ವಯಿಸದು ಎಂದು ಈ ಕಾಲದ ಹಲವು ವಿದ್ವಾಂಸರು ಹೇಳಿದ್ದಾರೆ. ಆದರೆ ಅಕ್ಷರ ಮೂಡಿರುವಾಗ ಪರದೆಯನ್ನು ಮುಟ್ಟದಿರುವುದೇ ಎಚ್ಚರಿಕೆಯ ಕ್ರಮ ಎನ್ನುವವರೂ ಇದ್ದಾರೆ. ಮುಟ್ಟಿನ ದಿನಗಳಲ್ಲಿ ಪಾರಾಯಣ ಮಾಡುವುದು ಇದಕ್ಕಿಂತ ಬೇರೆಯೇ ಪ್ರಶ್ನೆ. ಅದರಲ್ಲಿ ಇಮಾಮರುಗಳ ನಡುವೆ ಮೊದಲಿನಿಂದಲೂ ಭಿನ್ನಾಭಿಪ್ರಾಯವಿದೆ. ಕರಾವಳಿಯಲ್ಲಿ ಶಾಫಿಈಗಳು, ಘಟ್ಟದ ಮೇಲೆ ಹನಫಿಗಳು ಹೆಚ್ಚಾಗಿರುವುದರಿಂದ ತಂತಮ್ಮ ಉಲಮಾಗಳಲ್ಲಿ ಕೇಳಿ ನಡೆಯುವುದು ಸೂಕ್ತ. ಹಾಗೆಯೇ ಕುರ್‌ಆನ್ ಆ್ಯಪ್ ತೆರೆದಿರುವಾಗ ಮೊಬೈಲ್ ಅನ್ನು ಎಲ್ಲೆಂದರಲ್ಲಿ ಎಸೆಯದಿರುವ ಅದಬ್ ಎಲ್ಲರೂ ಪಾಲಿಸಬೇಕಾದದ್ದು.

ಹಾಗಾದರೆ ಯಾವುದನ್ನು ಆರಿಸೋಣ?

ಪ್ರತಿಯೊಂದನ್ನೂ ಅದರ ಸ್ಥಾನದಲ್ಲಿಡುವುದೇ ವಿವೇಕ. ದೃಷ್ಟಿ ಮಂದವಾದ ಹಿರಿಯರಿಗೆ, ಪರವೂರಿನಲ್ಲಿರುವವರಿಗೆ, ಪ್ರಯಾಣಕ್ಕೆ, ಉಲ್ಲೇಖ ಹುಡುಕುವುದಕ್ಕೆ, ಒಮ್ಮೆ ಓದಿ ಬಿಡುವ ಪುಸ್ತಕಗಳಿಗೆ ಇ-ರೀಡರ್ ಸೂಕ್ತ. ಮಕ್ಕಳ ಕಥೆಪುಸ್ತಕ, ಪಠ್ಯದ ಓದು, ಹಿಫ್ಝ್, ಮತ್ತೆ ಮತ್ತೆ ತೆರೆಯಬೇಕಾದ ತಫ್ಸೀರ್, ಪ್ರವಾದಿ(ಸ)ರ ಚರಿತ್ರೆ, ಮಕ್ಕಳಿಗೆ ಬಿಟ್ಟುಹೋಗಬೇಕೆನಿಸುವ ಪುಸ್ತಕಗಳು ಕಾಗದದಲ್ಲೇ ಇರಲಿ. ಸಂಕ್ಷೇಪವಾಗಿ ಹೇಳುವುದಾದರೆ, ಸಾಧನ ಒಬ್ಬರ ಓದಿಗೆ ಸಾಕು, ಇಡೀ ಮನೆಯ ಓದಿಗೆ ಕಪಾಟು ಬೇಕು.

ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಶೋಕೇಸಿನಲ್ಲಿ ಗಾಜಿನ ಲೋಟಗಳಿಗೆ ಕೊಟ್ಟ ಜಾಗದಲ್ಲಿ ಒಂದು ಸಾಲನ್ನು ಪುಸ್ತಕಗಳಿಗೆ ಬಿಟ್ಟುಕೊಡೋಣ, ಅದೂ ಮಗುವಿನ ಕೈಗೆಟಕುವ ಎತ್ತರದಲ್ಲಿ. ಈದ್‌ನ ಉಡುಗೊರೆಯಲ್ಲಿ ಬಟ್ಟೆಯ ಜೊತೆ ಒಂದು ಪುಸ್ತಕವಿರಲಿ. ಓದಿ ಮುಗಿದ ಪುಸ್ತಕವನ್ನು ಹೆಸರು ಬರೆದು ನೆರೆಮನೆಗೆ ದಾಟಿಸೋಣ. ಮಗ್‌ರಿಬ್‌ನ ನಂತರ ಅರ್ಧ ಗಂಟೆ ಮೊಬೈಲ್‌ಗಳನ್ನು ಒಂದೆಡೆ ಇಟ್ಟು ಮನೆಮಂದಿಯೆಲ್ಲ ತಮಗಿಷ್ಟವಾದುದನ್ನು ಓದೋಣ. ಹಫ್ಸಾ(ರ)ರ ಮನೆಯಂತೆ ನಮ್ಮ ಮನೆಗಳೂ ಗ್ರಂಥಗಳನ್ನು ಕಾಯುವ, ಕೇಳಿದವರಿಗೆ ಕೊಡುವ ಮನೆಗಳಾಗಲಿ. ಅಲ್ಲಾಹನು ಅನುಗ್ರಹಿಸಲಿ.