ಹಿಡಿ ಅಕ್ಕಿಯ ಡಬ್ಬಿ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಮೊನ್ನೆ ಮೊಮ್ಮಗಳು ಬಿಸ್ಕತ್ತಿಗೆಂದು ಅದರೊಳಗೆ ಕೈಹಾಕಿದಳು. ಸಿಕ್ಕಿದ್ದು ಅಕ್ಕಿ! "ಅಜ್ಜಾ, ಇದರಲ್ಲಿ ಯಾಕೆ ಅಕ್ಕಿ?" ಎಂದಳು. ಮಕ್ಕಳೇ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಮಂಗಳೂರಿನಲ್ಲಿ ಐದನೇ ತರಗತಿಯಲ್ಲಿದ್ದಾಗಿನ ಮಾತು. ಅಪ್ಪನಿಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಹೋದ ದಿನಕ್ಕಷ್ಟೇ ಕೂಲಿ. ಅಜ್ಜಿ ಪ್ರತಿ ಹೊತ್ತು ಅನ್ನಕ್ಕಿಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಈ ಡಬ್ಬಿಗೆ ಹಾಕುತ್ತಿದ್ದರು. ಭಾನುವಾರ ಅದನ್ನು ದೇವಾಲಯಕ್ಕೆ ಒಯ್ಯುತ್ತಿದ್ದರು. ಎಲ್ಲ ಮನೆಗಳ ಅಕ್ಕಿಯನ್ನೂ ಒಟ್ಟು ಮಾಡಿ ಸಭೆಯಲ್ಲಿ ಕಷ್ಟದಲ್ಲಿದ್ದವರಿಗೆ ಕೊಡುವುದು ರೂಢಿ.

ಆ ವರ್ಷ ಆಟಿ ತಿಂಗಳಲ್ಲಿ ಅಪ್ಪನಿಗೆ ಕಾಮಾಲೆ ಬಂತು. ಕೂಲಿ ನಿಂತಿತು. ಅಮ್ಮ ರಾತ್ರಿಯೆಲ್ಲ ಚಿಮಿಣಿ ದೀಪದಡಿ ಬೀಡಿ ಕಟ್ಟಿದರು. ಕೆಸುವಿನ ಎಲೆ, ತಜಂಕಿನ ಸೊಪ್ಪು, ಕೂಡಿಟ್ಟ ಹಲಸಿನ ಬೀಜ ಹೀಗೆ ಸಿಕ್ಕಿದ್ದರಲ್ಲಿ ದಿನ ದೂಡಿದೆವು. ಅಕ್ಕಿ ಎರಡು ದಿನಕ್ಕಾಗುವಷ್ಟು ಉಳಿಯಿತು. ಆಗಲೂ ಅಜ್ಜಿ ಹಿಡಿ ಅಕ್ಕಿ ತೆಗೆದರು!

"ನಮಗೇ ಇಲ್ಲವಲ್ಲ ಅಜ್ಜಿ!" ಎಂದು ಕೂಗಾಡಿದೆ. "ಇವತ್ತಿಗೆ ಇದೆಯಲ್ಲ ಮಗಾ" ಎಂದರು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಡಬ್ಬಿಯ ಅಕ್ಕಿಯನ್ನೆಲ್ಲ ನಮ್ಮ ಅಕ್ಕಿ ಪಾತ್ರೆಗೆ ಸುರಿದುಬಿಟ್ಟೆ.

ಭಾನುವಾರ ಅಜ್ಜಿ ಡಬ್ಬಿ ಎತ್ತಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬೆಳಿಗ್ಗೆ ಬೇಯಿಸಲು ತೆಗೆದ ಅಕ್ಕಿಯಿಂದ ಒಂದು ಹಿಡಿ ಹಾಕಿಕೊಂಡು ಹೊರಟರು.

ಸೋಮವಾರ ಸಂಜೆ ಅಯ್ಯನವರು ಕೊಡೆ ಹಿಡಿದು ಬಂದರು. ಜೊತೆಗೆ ಬಂದ ಹುಡುಗನ ತಲೆಯ ಮೇಲೆ ಅಕ್ಕಿಯ ಚೀಲ. ಸಭೆಯ ಹಿಡಿ ಅಕ್ಕಿ ಈ ಸಲ ನಮ್ಮ ಮನೆಗೇ ಬಂದಿತ್ತು. ಅದರಲ್ಲಿ ಕುಚ್ಚಲಕ್ಕಿಯೂ ಇತ್ತು, ಬೆಳ್ತಿಗೆಯೂ ಇತ್ತು, ನುಚ್ಚೂ ಇತ್ತು. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಬೆಳ್ತಿಗೆ ಕರಗಿ ಹೋಗುತ್ತದೆ. ಅಜ್ಜಿ ಎಲ್ಲವನ್ನೂ ಸೇರಿಸಿ ಗಂಜಿ ಮಾಡಿದರು. ನನಗೆ ತುತ್ತು ಇಳಿಯಲಿಲ್ಲ. ಅಳುತ್ತಾ ತಪ್ಪು ಒಪ್ಪಿಕೊಂಡೆ.

ಅಜ್ಜಿ ಬೈಯಲಿಲ್ಲ. ಸತ್ಯವೇದದ ಮನ್ನದ ಕಥೆ ನೆನಪಿಸಿದರು. ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಮನ್ನ ಕೊಟ್ಟಾಗ ಆಯಾ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆಂದು ಉಳಿಸಿದ್ದಕ್ಕೆ ಹುಳು ಬಿತ್ತು. ಸಬ್ಬತ್ ದಿನದ ಪಾಲು ಮಾತ್ರ ಹಿಂದಿನ ದಿನವೇ ಸಿಗುತ್ತಿತ್ತು, ಅದು ಕೆಡಲಿಲ್ಲ. "ಹಸಿವು ತಪ್ಪಲ್ಲ ಮಗಾ. ನಾಳೆಯ ಹೆದರಿಕೆಗೆ ಇನ್ನೊಬ್ಬರ ಪಾಲಿಗೆ ಕೈಹಾಕಿದ್ದು ತಪ್ಪು. ಈ ಗಂಜಿ ನೋಡು, ಎಷ್ಟು ಮನೆಯ ಅಕ್ಕಿ ಇದೆ ಇದರಲ್ಲಿ! ದೇವರು ನಮ್ಮನ್ನು ನೆನೆಸಿದ್ದು ಅವರ ಕೈಯಿಂದ."

ಅಪ್ಪ ಮತ್ತೆ ಕೆಲಸಕ್ಕೆ ಹೋಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಕಷ್ಟ ಒಮ್ಮೆಲೇ ಮುಗಿಯಲಿಲ್ಲ. ಅಮ್ಮ ಬೀಡಿ ಕಟ್ಟುವುದನ್ನೂ ಬಿಡಲಿಲ್ಲ. ಆದರೆ ನಾವು ಉಪವಾಸ ಮಲಗಿದ ದಿನ ಒಂದೂ ಇಲ್ಲ.

ದೊಡ್ಡವನಾದ ಮೇಲೆ ಮಿಜೋರಾಂನ ಸಂಗತಿ ತಿಳಿಯಿತು. ಅಲ್ಲಿನ ಕ್ರೈಸ್ತ ಹೆಂಗಸರು 1910ರಿಂದ ಅಡುಗೆಗಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾ ಬಂದಿದ್ದಾರೆ. ಅವರ ಭಾಷೆಯಲ್ಲಿ ಅದಕ್ಕೆ 'ಬುಹ್‌ಫಾಯ್ ಥಾಮ್' ಎನ್ನುತ್ತಾರೆ. ಅರ್ಥ ಹಿಡಿ ಅಕ್ಕಿಯೇ! ಆ ಅಕ್ಕಿಯನ್ನು ಮಾರಿ ಬಂದ ಹಣದಿಂದ ಸಭೆಯ ಸೇವೆ ನಡೆಯುತ್ತದೆ. ಅಷ್ಟು ದೂರದ ಗುಡ್ಡಗಾಡಿನಲ್ಲಿಯೂ ನಮ್ಮ ಅಜ್ಜಿಯಂಥವರು ಇದ್ದಾರೆಂದು ಸಂತೋಷವಾಯಿತು.

ಕಥೆ ಕೇಳಿದ ಮೊಮ್ಮಗಳು ನಿನ್ನೆ ತಾನೇ ಡಬ್ಬಿಗೆ ಅಕ್ಕಿ ಹಾಕಿದಳು. ಪುಟ್ಟ ಕೈ, ಅರ್ಧ ನೆಲಕ್ಕೆ ಬಿತ್ತು. "ನನ್ನ ಹಿಡಿ ಚಿಕ್ಕದು ಅಜ್ಜಾ, ಸಾಕಾ?" ಎಂದಳು.

"ಸಾಕು" ಎಂದೆ. ಇಬ್ಬರೂ ಕೂತು ಚೆಲ್ಲಿದ ಕಾಳು ಹೆಕ್ಕಿದೆವು.