ಆಟದ ಪಿರಿಯಡ್ ಎಲ್ಲಿ ಹೋಯಿತೆಂದು ಕೇಳಿದ್ದೀರಾ?

ಮಗು ಶಾಲೆಯಿಂದ ಬಂದೊಡನೆ ನೀವು ಏನೆಲ್ಲ ಕೇಳುತ್ತೀರಿ? ಹೋಂವರ್ಕ್ ಎಷ್ಟಿದೆ? ಟೆಸ್ಟಿನಲ್ಲಿ ಎಷ್ಟು ಅಂಕ ಬಂತು? ಊಟ ಪೂರ್ತಿ ಮಾಡಿದೆಯಾ? ಆದರೆ ‘ಇವತ್ತು ಯಾವ ಆಟ ಆಡಿದೆ?’ ಎಂದು ಕೇಳುವ ಹೆತ್ತವರು ತೀರಾ ಕಡಿಮೆ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಇರುತ್ತದೆ. ಪರೀಕ್ಷೆ ಹತ್ತಿರ ಬಂದರೆ ಗಣಿತಕ್ಕೋ ಇಂಗ್ಲಿಷಿಗೋ ಮೊದಲು ಬಲಿಯಾಗುವುದು ಅದೇ. ಅದನ್ನು ಪ್ರಶ್ನಿಸಿ ಶಾಲೆಗೆ ಹೋದವರು ನಮ್ಮಲ್ಲಿ ಎಷ್ಟು ಮಂದಿ?

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲುಬು ಗಟ್ಟಿಯಾಗಲು, ಚೆನ್ನಾಗಿ ನಿದ್ದೆ ಬರಲು, ಮನಸ್ಸು ಹಗುರಾಗಲು ಅದು ಅಗತ್ಯ. ಈಗ ನಿಮ್ಮ ಮಗುವಿನ ದಿನವನ್ನೊಮ್ಮೆ ಲೆಕ್ಕ ಹಾಕಿ. ಬೆಳಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್, ಉಳಿದ ಹೊತ್ತು ಮೊಬೈಲ್. ಫ್ಲ್ಯಾಟುಗಳಲ್ಲಿ ಅಂಗಳವಿಲ್ಲ, ರಸ್ತೆಯಲ್ಲಿ ವಾಹನಗಳ ಭಯ. ಎಷ್ಟೋ ಮಕ್ಕಳಿಗೆ ಓಡಲು ಉಳಿದಿರುವ ಏಕೈಕ ಜಾಗ ಶಾಲೆ.

ಕಾನೂನಿನಲ್ಲಿ ಏನಿದೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದಲ್ಲಿ ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಅಗತ್ಯವಿರುವ ಆಟದ ಸಾಮಗ್ರಿ ಸಿಗಬೇಕು ಎಂದಿದೆ. ಆದರೆ ಆಡಿಸುವವರು ಯಾರು? ಆರರಿಂದ ಎಂಟನೆಯ ತರಗತಿಯಲ್ಲಿ ಮಕ್ಕಳ ಸಂಖ್ಯೆ ನೂರು ದಾಟಿದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದು ಅದೇ ಅನುಬಂಧ ಹೇಳುತ್ತದೆ. ಒಂದರಿಂದ ಐದನೆಯ ತರಗತಿಗೆ ಅಂಥ ಬೋಧಕರ ಮಾತೇ ಇಲ್ಲ. ಓಡುವುದು, ಜಿಗಿಯುವುದು, ಚೆಂಡು ಹಿಡಿಯುವುದು ಕೈಕಾಲಿಗೆ ಕೂಡಿಬರುವ ವಯಸ್ಸು ಅದೇ. ಅಲ್ಲಿ ಎಲ್ಲವೂ ತರಗತಿಯ ಟೀಚರ್ ಮೇಲೆಯೇ ಬೀಳುತ್ತದೆ.

ತಲೆಗೆ 50 ರೂಪಾಯಿ

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಸರಕಾರಿ ಶಾಲೆಗಳಿಗೆ ವಾರ್ಷಿಕ ಕ್ರೀಡಾ ಅನುದಾನ ನಿಗದಿಪಡಿಸಿತು. ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಹಿರಿಯ ಪ್ರಾಥಮಿಕ ಶಾಲೆಗೆ 10,000, ಪ್ರೌಢಶಾಲೆಗೆ 25,000ದವರೆಗೆ. ನೂರು ಮಕ್ಕಳಿರುವ ಪ್ರಾಥಮಿಕ ಶಾಲೆಯಲ್ಲಿ ಇದು ಒಂದು ಮಗುವಿಗೆ ವರ್ಷಕ್ಕೆ 50 ರೂಪಾಯಿ. ಮೊತ್ತ ಸಣ್ಣದು, ನಿಜ. ಆದರೆ ಆ ಹಣದಿಂದ ತಂದ ಚೆಂಡು ಬೀರುವಿನಲ್ಲಿ ಬೀಗದೊಳಗಿದ್ದರೆ ಆ 50 ರೂಪಾಯಿಯೂ ಮಗುವಿಗೆ ತಲುಪಿದಂತಾಗಲಿಲ್ಲ.

ಹಣ ಮಗುವಿಗೆ ತಲುಪಿತೇ ಎಂದು ನೋಡುವುದು ಹೇಗೆ? ಇದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನ ಮರುವರ್ಷ ಅಲ್ಲಿನ ಸರಕಾರ ಪ್ರಾಥಮಿಕ ಶಾಲೆಗಳಿಗೆಂದೇ ಪ್ರತ್ಯೇಕ ಕ್ರೀಡಾ ಅನುದಾನ ಆರಂಭಿಸಿತು. 2017ರಲ್ಲಿ ಅದನ್ನು ಇಮ್ಮಡಿಗೊಳಿಸಿತು. ಅದಕ್ಕಾಗಿ ಸಕ್ಕರೆ ಬೆರೆಸಿದ ತಂಪು ಪಾನೀಯಗಳ ಮೇಲೆ ತೆರಿಗೆ ಹಾಕುವ ದಾರಿ ಹಿಡಿಯಿತು. ಹದಿನೇಳು ಅಥವಾ ಹೆಚ್ಚು ಮಕ್ಕಳಿರುವ ಶಾಲೆಗೆ 16,000 ಪೌಂಡ್, ಮೇಲೆ ಪ್ರತಿ ಮಗುವಿಗೆ 10 ಪೌಂಡ್.

ಆ ಶ್ರೀಮಂತ ದೇಶದ ಮೊತ್ತ ನಮಗೆ ಎಟುಕದು. ಆದರೆ ಅದರ ಜೊತೆಗಿಟ್ಟ ಷರತ್ತುಗಳು ನಮಗೂ ಎಟುಕುತ್ತವೆ. ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು, ಮಕ್ಕಳಿಗೇನು ಲಾಭವಾಯಿತು ಎಂಬುದನ್ನು ಶಾಲೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳಲ್ಲಿ ಎಷ್ಟು ಮಂದಿಗೆ 25 ಮೀಟರ್ ಈಜಲು ಬರುತ್ತದೆ ಎಂದೂ ತಿಳಿಸಬೇಕು. ತರಗತಿಯ ಶಿಕ್ಷಕರನ್ನೇ ತರಬೇತುಗೊಳಿಸುವುದಕ್ಕೂ ಅಲ್ಲಿ ಒತ್ತು ಕೊಡಲಾಯಿತು. ಏಕೆಂದರೆ ಹೊರಗಿನಿಂದ ಕರೆತಂದ ಕೋಚ್ ಹಣ ಮುಗಿದ ದಿನ ಹೊರಟುಹೋಗುತ್ತಾರೆ. ಕಲಿತ ಶಿಕ್ಷಕಿ ಶಾಲೆಯಲ್ಲೇ ಉಳಿಯುತ್ತಾರೆ.

ಹೆಣ್ಣುಮಕ್ಕಳ ಪಾಲು

ಮೈದಾನವಿರುವ ಶಾಲೆಯಲ್ಲೂ ಒಮ್ಮೆ ಗಮನಿಸಿ. ನಡುಭಾಗವೆಲ್ಲ ಹುಡುಗರ ಕ್ರಿಕೆಟ್‌ಗೆ. ಹುಡುಗಿಯರು ಬದಿಯ ಕಟ್ಟೆಯಲ್ಲಿ ಕುಳಿತು ನೋಡುತ್ತಾರೆ. ನಾಲ್ಕನೆಯ, ಐದನೆಯ ತರಗತಿಗೆ ಬರುವಷ್ಟರಲ್ಲಿ ‘ಇನ್ನು ಓಡಾಟ ಸಾಕು’ ಎಂದು ಮನೆಯಲ್ಲೇ ನಾವೂ ಹೇಳತೊಡಗುತ್ತೇವೆ. ಬಲವಾದ ಎಲುಬು ಬೇಕಾದದ್ದು ಗಂಡುಮಕ್ಕಳಿಗೆ ಮಾತ್ರವೇ? ವಾರದಲ್ಲಿ ಎರಡು ಪಿರಿಯಡ್ ಮೈದಾನವನ್ನು ಹುಡುಗಿಯರಿಗೇ ಬಿಟ್ಟುಕೊಡಲು ಹಣವೇನೂ ಬೇಕಿಲ್ಲ. ಟೀಚರ್ ಮನಸ್ಸು ಮಾಡಿದರೆ ಸಾಕು.

ನೀವೇನು ಮಾಡಬಹುದು?

ಸರಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಅನುದಾನದ ಬಳಕೆಯನ್ನು ಗಮನಿಸುವ ಹೊಣೆಯಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಹೆತ್ತವರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆದ್ದರಿಂದ ತಾಯಂದಿರು ಸಭೆಯಲ್ಲಿ ಸಹಿ ಹಾಕಿ ಬರುವುದಷ್ಟೇ ಸಾಲದು. ಈ ವರ್ಷದ ಕ್ರೀಡಾ ಅನುದಾನ ಬಂತೇ? ಅದರಿಂದ ಏನು ಕೊಂಡಿರಿ? ಅದು ಈಗ ಯಾರ ಕೈಯಲ್ಲಿದೆ? ಈ ಮೂರು ಪ್ರಶ್ನೆ ಕೇಳಿ. ಉತ್ತರವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಲು ಹೇಳಿ.

ಹಣ ಕಡಿಮೆಯೆಂದು ಕೈಕಟ್ಟಿ ಕೂರಬೇಕಿಲ್ಲ. ಖೋ-ಖೋ, ಕಬಡ್ಡಿಗೆ ಬೇಕಾದದ್ದು ಗೆರೆ ಎಳೆಯಲು ಸುಣ್ಣದ ಪುಡಿ. ಲಗೋರಿಗೆ ಏಳು ಕಲ್ಲು, ಒಂದು ಚೆಂಡು. ಕುಂಟೆಬಿಲ್ಲೆಗೆ ಒಂದು ಹಂಚಿನ ಚೂರು. ಒಂದೇ ದುಬಾರಿ ಕ್ರಿಕೆಟ್ ಕಿಟ್ ಕೊಂಡರೆ ಹನ್ನೊಂದು ಮಂದಿ ಆಡಿಯಾರು. ಅದೇ ಹಣದಲ್ಲಿ ಸ್ಕಿಪ್ಪಿಂಗ್ ಹಗ್ಗ, ರಿಂಗ್, ಸಣ್ಣ ಚೆಂಡುಗಳನ್ನು ಕೊಂಡರೆ ಇಡೀ ತರಗತಿ ಆಡುತ್ತದೆ. ಊರಿನ ಯುವಕ ಸಂಘ ಒಂದು ರವಿವಾರ ಬಂದು ಮೈದಾನ ಸಮತಟ್ಟು ಮಾಡಿಕೊಟ್ಟರೆ ಅದೂ ದೊಡ್ಡ ಕೊಡುಗೆಯೇ.

ಖಾಸಗಿ ಶಾಲೆಗೆ ಸೇರಿಸುವವರಾದರೆ ಶುಲ್ಕ ಕಟ್ಟುವ ಮೊದಲೇ ಮೈದಾನ ತೋರಿಸಲು ಹೇಳಿ. ಕಂಪ್ಯೂಟರ್ ಕೋಣೆ ನೋಡುವ ನಾವು ಅಂಗಳವನ್ನೇಕೆ ನೋಡಬಾರದು?

ಆಟ ಓದಿನ ಸಮಯವನ್ನು ಕದಿಯುತ್ತದೆ ಎಂಬ ಭಯ ಬಿಡಿ. ದಿನವಿಡೀ ಬೆಂಚಿನಲ್ಲಿ ಕುಳಿತ ಮಗು ದಿನವಿಡೀ ಕಲಿಯುತ್ತದೆಂಬ ಭರವಸೆಯೇನೂ ಇಲ್ಲ. ಮುಂದಿನ ಹೆತ್ತವರ ಸಭೆಯಲ್ಲಿ ಅಂಕಪಟ್ಟಿ ನೋಡಿದ ಮೇಲೆ ಒಂದು ಕ್ಷಣ ಅಲ್ಲೇ ನಿಂತು ಆಟದ ಪಿರಿಯಡ್ ಬಗ್ಗೆಯೂ ಕೇಳಿಬನ್ನಿ.