ನಂದಿ ಬೆಟ್ಟದ ರಸ್ತೆಯಲ್ಲಿ ಸೈಕಲ್ ಸವಾರಿ: ಸಾರ್ವಜನಿಕರಿಗೆ ಮಾಹಿತಿ

ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟವು ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದ್ದು, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುತ್ತದೆ. ಈ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗಲು ಯಾವ ಪರವಾನಗಿ ಬೇಕು, ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು ಎಂದು ಅನೇಕರು ವಿಚಾರಿಸುವುದರಿಂದ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಕಾಲಿನಿಂದ ತುಳಿದು ನಡೆಸುವ ಸೈಕಲ್ಲು ಮೋಟಾರು ವಾಹನಗಳ ಕಾಯ್ದೆ, 1988ರ ವ್ಯಾಪ್ತಿಗೆ ಬರುವ ಮೋಟಾರು ವಾಹನವಲ್ಲ. ಆದ್ದರಿಂದ ಚಾಲನಾ ಪರವಾನಗಿಯಾಗಲಿ ನೋಂದಣಿಯಾಗಲಿ ಅಗತ್ಯವಿರುವುದಿಲ್ಲ. ವಿದ್ಯುತ್ ಮೋಟಾರು ಅಳವಡಿಸಿದ ಸೈಕಲ್ಲಾದಲ್ಲಿ, ಅದರ ಶಕ್ತಿ 250 ವ್ಯಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ನಿಯಮಗಳಲ್ಲಿನ ಇತರ ಷರತ್ತುಗಳನ್ನು ಪೂರೈಸಿದಲ್ಲಿ ಮಾತ್ರ ಈ ವಿನಾಯಿತಿ ಅನ್ವಯಿಸುತ್ತದೆ. ಪ್ರವೇಶದ ವೇಳೆ ಮತ್ತು ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳತಕ್ಕದ್ದು. 2021ರ ಆಗಸ್ಟ್ ತಿಂಗಳ ಭಾರಿ ಮಳೆಗೆ ಗುಡ್ಡ ಕುಸಿದು ಈ ರಸ್ತೆಯು ಹಲವು ತಿಂಗಳು ಮುಚ್ಚಿತ್ತು ಎಂಬುದನ್ನು ಮಳೆಗಾಲದ ಸವಾರರು ನೆನಪಿನಲ್ಲಿಡುವುದು ಒಳಿತು.

ಬುಡದಿಂದ ಮೇಲಿನವರೆಗೆ ಸುಮಾರು 8 ಕಿ.ಮೀ. ಡಾಂಬರು ರಸ್ತೆಯಿದ್ದು, 400 ಮೀಟರಿಗೂ ಹೆಚ್ಚು ಎತ್ತರವನ್ನು ಏರಬೇಕಾಗುತ್ತದೆ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ನೂರಕ್ಕೆ ಐದಾರರ ಬಡ್ಡಿ. ಕೊನೆಯ ತಿರುವುಗಳಲ್ಲಿ ಅದು ಚಕ್ರಬಡ್ಡಿಯಾಗುತ್ತದೆ. ಗೇರುಳ್ಳ ಸೈಕಲ್ಲು ಮತ್ತು ನಿಯಮಿತ ಅಭ್ಯಾಸ ಇರುವವರಿಗೆ ಇದು ಮಧ್ಯಮ ಶ್ರಮದ ಮಾರ್ಗ. ಆರಂಭದಲ್ಲಿಯೇ ಹಗುರವಾದ ಗೇರಿನಲ್ಲಿ ನಿಧಾನವಾಗಿ ತುಳಿದಲ್ಲಿ ಕೆಳಗಿನ ದ್ರಾಕ್ಷಿ ತೋಟಗಳನ್ನೂ ಕೆರೆಗಳನ್ನೂ ನೋಡುವಷ್ಟು ಉಸಿರು ಉಳಿಯುತ್ತದೆ. ಈ ಲೇಖಕನು ಮೊದಲ ಸಲ ಕೊನೆಯ ತಿರುವುಗಳಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡೇ ಹೋದದ್ದುಂಟು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮೇಲ್ಭಾಗದಲ್ಲಿ ಯೋಗನಂದೀಶ್ವರ ದೇವಾಲಯ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ ಇವೆ. ಕೋತಿಗಳು ಬಹಳವಾಗಿರುವುದರಿಂದ ತಿಂಡಿಯ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಬಾರದು.

ಏರುವಾಗ ಸುಸ್ತಾಗುವುದೇ ಹೊರತು ಅಪಾಯ ಕಡಿಮೆ. ಗಂಭೀರ ಅಪಾಯವಿರುವುದು ಇಳಿಯುವಾಗ. ದಣಿದ ಕೈಗಳು, ಮಂಜಿನಿಂದ ತೇವಗೊಂಡ ರಸ್ತೆ, ತಿರುವಿನಲ್ಲಿ ಚೆಲ್ಲಿದ ಮರಳು ಮತ್ತು ಸೂರ್ಯೋದಯ ನೋಡುವ ಆತುರದಲ್ಲಿ ಎದುರಿನಿಂದ ಬರುವ ಕಾರುಗಳು ಒಟ್ಟಿಗೆ ಸೇರುವ ಜಾಗವದು. ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಬೇಕು. ತಿರುವಿನ ಮಧ್ಯದಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಮುಂದಿನ ಹಾಗೂ ಹಿಂದಿನ ಬ್ರೇಕುಗಳೆರಡನ್ನೂ ಬಿಟ್ಟು ಬಿಟ್ಟು ಒತ್ತತಕ್ಕದ್ದು. ಸತತವಾಗಿ ಹಿಡಿದೇ ಇದ್ದಲ್ಲಿ ರಿಮ್ ಕಾದು ಟ್ಯೂಬ್ ಒಡೆಯುವ ಸಂಭವವಿದೆ. ಬ್ರೇಕಿನ ರಬ್ಬರು ಸವೆದಿದೆಯೇ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಿ. ಬೆಟ್ಟದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ತಿರುವಿನಲ್ಲಿ ಎಡಬದಿಯನ್ನು ಬಿಡಬಾರದು, ಛಾಯಾಚಿತ್ರಕ್ಕಾಗಿ ಅಲ್ಲಿ ನಿಲ್ಲಲೂಬಾರದು.

ಬೆಳಕು ಹರಿಯುವ ಮುನ್ನ ಬೆಂಗಳೂರಿನಿಂದ ಹೊರಡುವವರು ಹೆದ್ದಾರಿಯಲ್ಲಿ ಸರ್ವೀಸ್ ರಸ್ತೆಯಿರುವ ಕಡೆ ಅದನ್ನೇ ಬಳಸಬೇಕು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಹೆಲ್ಮೆಟ್ ಇಲ್ಲದೆ ಹೊರಡಬಾರದು. ಒಂದು ಹೆಚ್ಚುವರಿ ಟ್ಯೂಬ್, ಪಂಪು ಹಾಗೂ ಎರಡು ಬಾಟಲಿ ನೀರು ಜೊತೆಗಿರಲಿ. ಅಪಘಾತವಾದಲ್ಲಿ 108 ಅಥವಾ 112ಕ್ಕೆ ಕರೆ ಮಾಡಿ, ಬುಡದಿಂದ ಎಷ್ಟು ಕಿ.ಮೀ. ಮೇಲಿದ್ದೀರೆಂದು ತಿಳಿಸತಕ್ಕದ್ದು.